ಡಬ್ಬಕ್ಕೂ ಹುಣಸೆ ರೇಟಾ? ರಫ್ತಿನ ಕಾಗದ ಮಾಡಿಸೋ ಮೂರು ದಾರಿ

ತುಮಕೂರು ಮಂಡಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ನಮ್ಮಪ್ಪನ ಕಾಲದ್ದು. ಅದನ್ನು ಹಡಗು ಹತ್ತಿಸುವ ಹುಚ್ಚು ಮಾತ್ರ ನನ್ನದು. ರಫ್ತಿನ ಕಾಗದಪತ್ರ ಮೂರು ಥರ ಮಾಡಿಸಿ ನೋಡಿದ್ದೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನಾನೇ ಎಕ್ಸೆಲ್‌ನಲ್ಲಿ ಮಾಡಿಕೊಂಡು, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಹಾಕೋದನ್ನಷ್ಟೇ ಕಸ್ಟಮ್ಸ್ ಏಜೆಂಟರಿಗೆ ಬಿಡೋದು ನನಗೆ ಒಗ್ಗಿದ ದಾರಿ. ಈ ಬುದ್ಧಿ ಬರೋಕೆ ನಾನೂರು ಡಾಲರ್ ಜಗಳ ಬೇಕಾಯ್ತು.

ಮೊದಲ ಸಲ ದುಬೈಗೆ 10 ಕೆಜಿಯ 500 ಡಬ್ಬ. ಬೆಂಗಳೂರಿನ ಏಜೆಂಟರೊಬ್ಬರು "ಎಲ್ಲಾ ನಾವೇ ನೋಡ್ಕೋತೀವಿ ಸಾರ್, ನೀವು ಸೈನ್ ಹಾಕಿ" ಅಂದರು. ಹಾಕಿದೆ. ಹಣ್ಣಿನ ತೂಕ 5,000 ಕೆಜಿ, ಖಾಲಿ ಡಬ್ಬ ತಲಾ 400 ಗ್ರಾಂ, ಅಲ್ಲಿಗೆ ಒಟ್ಟು 5,200. ಪ್ಯಾಕಿಂಗ್ ಲಿಸ್ಟ್ ಸರಿಯಾಗಿತ್ತು. ಇನ್‌ವಾಯ್ಸ್‌ನಲ್ಲಿ ಮಾತ್ರ ಕಿಲೋಗೆ 2 ಡಾಲರ್‌ನಂತೆ 5,200 ಕೆಜಿಗೆ ಬಿಲ್ ಬರೆದಿದ್ದರು! ಬಾರದಾನ ಕಳೆದು ತೂಕ ಹೇಳಬೇಕು ಅನ್ನೋದು ನಮ್ಮ ಮಂಡಿಯ ಹಮಾಲಿಗೂ ಗೊತ್ತು.

ತಪ್ಪು ನನ್ನದೂ ಇದೆ. ಶಿಪ್ಪಿಂಗ್ ಬಿಲ್ ಹಾಕುವ ಮೊದಲು ಅದರ ಕರಡು, ಅಂದರೆ ಚೆಕ್‌ಲಿಸ್ಟ್, ವಾಟ್ಸಾಪಿಗೆ ಬಂದಿತ್ತು. ಹರಾಜಿನ ಗಲಾಟೆಯಲ್ಲಿದ್ದೆ, ನಮ್ಮ ಅಂಗಡಿ ಹೆಸರು ಸರಿಯಿದೆಯಾ ಅಂತ ನೋಡಿ 'ಓಕೆ' ಒತ್ತಿಬಿಟ್ಟೆ.

ದುಬೈನ ಪಾರ್ಟಿ ಮಂಗಳೂರು ಕಡೆಯವರು. ಫೋನ್ ಮಾಡಿದರು: "ಎಂತ ಮಾರಾಯ್ರೆ, ಡಬ್ಬಕ್ಕೂ ಹುಣಸೆ ರೇಟಾ?" ಮಾನ ಹೋದ ಹಾಗಾಯ್ತು. ಅವರು ಕಳಿಸಿದ್ದು ನ್ಯಾಯವಾಗಿ 10,000 ಡಾಲರ್. ಆದರೆ ಶಿಪ್ಪಿಂಗ್ ಬಿಲ್ಲಿನ ಲೆಕ್ಕ ಕಸ್ಟಮ್ಸ್‌ನಿಂದ ರಫ್ತಿನ ಹಣ ಬಂತೋ ಇಲ್ಲವೋ ಅಂತ ನೋಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್‌ಗೆ ಹೋಗುತ್ತದಲ್ಲ, ಅಲ್ಲಿ 10,400 ಕೂತಿತ್ತು. ಉಳಿದ 400 ಎಲ್ಲಿ ಅಂತ ಬ್ಯಾಂಕಿನವರು ಬೆನ್ನು ಬಿಡಲಿಲ್ಲ. ಸರಕು ಹೋದಮೇಲೆ ತಿದ್ದಬೇಕಾದರೆ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಬೇಕು, ಸರಕು ಕಳಿಸುವ ಹೊತ್ತಿಗೇ ಇದ್ದ ದಾಖಲೆ ತೋರಿಸಬೇಕು. ಸರಿಯಿದ್ದ ಆ ಪ್ಯಾಕಿಂಗ್ ಲಿಸ್ಟೇ ನನ್ನನ್ನು ಉಳಿಸಿದ್ದು. ಎರಡು ತಿಂಗಳು ಓಡಾಟ. ಏಜೆಂಟರು ಹೇಳಿದ್ದು ಒಂದೇ ಮಾತು: "ಟೈಪಿಂಗ್ ಮಿಸ್ಟೇಕ್ ಸಾರ್."

ಆಮೇಲೆ ಅಕ್ಕನ ಮಗನ ಹತ್ತಿರ ಒಂದು ಎಕ್ಸೆಲ್ ಮಾಡಿಸಿದೆ. ಪ್ಯಾಕಿಂಗ್ ಲಿಸ್ಟಿನ ನಿವ್ವಳ ತೂಕವೇ ಇನ್‌ವಾಯ್ಸ್‌ಗೆ ಹೋಗಿ ಕೂರುತ್ತದೆ, ಬೇರೆಯಾಗಿ ಟೈಪ್ ಮಾಡೋಕೆ ಜಾಗವೇ ಇಲ್ಲ. ಸರಕು ಯಾವುದು ಅಂತ ಕಸ್ಟಮ್ಸ್‌ಗೆ ಹೇಳುವ ಎಚ್‌ಎಸ್ ಕೋಡೂ ಅದರಲ್ಲೇ: ಒಣ ಹಣ್ಣು 0813, ಪುಡಿಯಾದರೆ 1106. ಏಜೆಂಟರನ್ನೂ ಬದಲಾಯಿಸಿದೆ. ಮೊದಲಿನವರಿಗೆ 14,000 ರೂಪಾಯಿ ಕೊಟ್ಟಿದ್ದೆ, ಈಗಿನವರು 6,000ಕ್ಕೆ ಮುಗಿಸುತ್ತಾರೆ. ಕಸ್ಟಮ್ಸ್‌ನ ವೆಬ್‌ಸೈಟ್ ಐಸ್‌ಗೇಟ್‌ನಲ್ಲಿ ಶಿಪ್ಪಿಂಗ್ ಬಿಲ್ಲನ್ನೂ ನಾವೇ ಹಾಕಬಹುದು, ಆದರೆ ವರ್ಷಕ್ಕೆ ನಾಲ್ಕು ಲೋಡ್ ಕಳಿಸೋನಿಗೆ ಅಷ್ಟು ತಾಳ್ಮೆ ಯಾಕೆ? ವಾರಕ್ಕೊಂದು ಕಂಟೇನರ್ ಕಳಿಸುವವರು ಪೂರ್ತಿ ಏಜೆಂಟರಿಗೇ ಕೊಡಲಿ, ಬೇಡ ಅನ್ನಲ್ಲ.

ಮೂರನೆಯದು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ. ಅಲ್ಲಿ ಶಿಪ್ಪಿಂಗ್ ಬಿಲ್ಲಿನ ಬದಲಿಗಿರುವ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಆನ್‌ಲೈನಲ್ಲಿ ನಾವೇ ತುಂಬಬಹುದು, ಏಜೆಂಟರ ಹಂಗಿಲ್ಲ. ಸಿಂಗಾಪುರಕ್ಕೆ ಎರಡು ಕಿಲೋ ಸ್ಯಾಂಪಲ್ ಕಳಿಸಿದೆ, ಸಲೀಸಾಗಿ ಹೋಯ್ತು. ಟನ್‌ಗಟ್ಟಲೆ ಮಾಲಿಗೆ ಅದಲ್ಲ.

ಯಾವ ದಾರಿ ಹಿಡಿದರೂ ಊರಿನ ಹೆಸರು ಒಂದೇ ಥರ ಇರಲಿ. 2014ರಲ್ಲಿ ಇಂಗ್ಲಿಷಿನಲ್ಲಿ ತುಮ್ಕೂರ್ ಹೋಗಿ ತುಮಕೂರು ಆಯ್ತು, ನನ್ನ ಐಇಸಿಯಲ್ಲಿ (ಆಮದು-ರಫ್ತು ಕೋಡ್) ಹಳೆಯದು, ಜಿಎಸ್‌ಟಿಯಲ್ಲಿ ಹೊಸದು. ಇವೆರಡೂ ಬೇರೆ ಬೇರೆ ಊರಾ ಅಂತ ಸಿಂಗಾಪುರದವರು ಕೇಳಿದ್ದರು. ಐಇಸಿಯನ್ನು ಹೇಗೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡಲೇಬೇಕು, ಆಗಲೇ ತಿದ್ದಿಸಿದೆ.

ಚೆಕ್‌ಲಿಸ್ಟ್ ಈಗಲೂ ಹರಾಜಿನ ಹೊತ್ತಿಗೇ ಬರುತ್ತದೆ. ತೆರೆಯಲ್ಲ. ರಾತ್ರಿ ಊಟ ಆದಮೇಲೆ ನಮ್ಮನೆಯವಳು ಒಂದೊಂದೇ ಸಾಲು ಓದುತ್ತಾಳೆ, ನಾನು ಪ್ಯಾಕಿಂಗ್ ಲಿಸ್ಟ್ ಹಿಡಿದು ಟಿಕ್ ಹಾಕುತ್ತೇನೆ.