ರೋಬೋಟಿಕ್ ಸರ್ಜರಿ ಸಿಮ್ಯುಲೇಟರ್ ಕೊಡುವ ಅಂಕ ಎಷ್ಟು ನಂಬಬಹುದು? ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಯುರಾಲಜಿ ತರಬೇತಿ ಶುರುವಾದಾಗಿನಿಂದಲೂ ರೋಬೋಟ್ ಕನ್ಸೋಲ್‌ಗೆ (ಸರ್ಜನ್ ಕೂತು ರೋಬೋಟ್ ನಡೆಸುವ ಜಾಗ) ಜೋಡಿಸುವ ಸಿಮ್ಯುಲೇಟರ್ ಬಳಸುತ್ತಿದ್ದೇನೆ. ಕಿರಿಯರು ಮತ್ತೆ ಮತ್ತೆ ಕೇಳುವುದು ಒಂದೇ: ಅದರ ಅಂಕ ನಂಬಬಹುದಾ? ಕೈ ಪಳಗಿದೆಯೇ ಅಂತ ತಿಳಿಯಲು ಖಂಡಿತ ನಂಬಬಹುದು. ಆಪರೇಷನ್‌ಗೆ ಸಿದ್ಧರಾಗಿದ್ದೀರಾ ಅಂತ ತೀರ್ಮಾನಿಸಲು ಅದೊಂದೇ ಸಾಲದು.

ಅಭ್ಯಾಸ ಮುಗಿದ ತಕ್ಷಣ ಲೆಕ್ಕ ಪರದೆಗೆ ಬರುತ್ತದೆ. ಎಷ್ಟು ಸಮಯ ಹಿಡಿಯಿತು, ಉಪಕರಣದ ತುದಿ ಒಟ್ಟು ಎಷ್ಟು ದೂರ ಓಡಾಡಿತು, ಉಪಕರಣಗಳು ಎಷ್ಟು ಸಲ ಒಂದಕ್ಕೊಂದು ಬಡಿದವು, ಎಷ್ಟು ಹೊತ್ತು ಕ್ಯಾಮೆರಾ ಕಣ್ಣಿನಿಂದ ಮರೆಯಾಗಿದ್ದವು, ಎಲ್ಲಿ ಬಲ ಜಾಸ್ತಿಯಾಯಿತು. 'ಇನ್ನೂ ಸ್ವಲ್ಪ ಸುಧಾರಿಸಬೇಕು' ಎನ್ನುವ ಮೋಘಂ ಮಾತಿಗಿಂತ ಇದು ಎಷ್ಟೋ ಮೇಲು. ನನಗೆ ಅತಿ ಹೆಚ್ಚು ಉಪಕಾರವಾದದ್ದು ಕೈಹಿಡಿಗಳ ಓಡಾಟದ ವ್ಯಾಪ್ತಿಯ ಲೆಕ್ಕ. ಸಮಯಕ್ಕೆ ಸರಿಯಾಗಿ ಕ್ಲಚ್ (ಉಪಕರಣ ಅಲುಗದಂತೆ ಕೈಹಿಡಿಗಳನ್ನು ಮತ್ತೆ ಆರಾಮದ ಜಾಗಕ್ಕೆ ತರಲು ಬಿಡುವ ಗುಂಡಿ) ಒತ್ತದಿದ್ದರೆ ಮೊಣಕೈ ಆರ್ಮ್‌ರೆಸ್ಟ್ ಬಿಟ್ಟು ಮೇಲೇಳುತ್ತದೆ, ತೋಳು ಸೋಲುತ್ತದೆ. ಪಕ್ಕದಲ್ಲಿ ನಿಂತವರೆಲ್ಲ ಪರದೆ ನೋಡುತ್ತಿರುವುದರಿಂದ ಇದು ಅವರ ಗಮನಕ್ಕೆ ಬರುವುದಿಲ್ಲ. ಯಂತ್ರ ತಪ್ಪದೆ ಹಿಡಿಯುತ್ತದೆ.

ಹೊಲಿಗೆಯ ಅಭ್ಯಾಸದಲ್ಲಿ ಮಾತ್ರ ಈ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಸೂಜಿ ಗುರುತಿನಲ್ಲಿ ಒಳಹೊಕ್ಕು ಗುರುತಿನಲ್ಲೇ ಹೊರಬಂದರೆ ಅಂಕ ಸಿಗುತ್ತದೆ. ಆದರೆ ಪ್ರಾಸ್ಟೇಟ್ ತೆಗೆದ ಮೇಲೆ ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿಯುವಾಗ ಸೂಜಿಯ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಲೇಬೇಕು. ನೇರ ತಳ್ಳಿದರೆ ನಾಳ ಸೀಳುತ್ತದೆ. ಬಳಕೆಯಲ್ಲಿರುವ ಬಹುಪಾಲು ರೋಬೋಟ್‌ಗಳಲ್ಲಿ ಎಳೆತ ಕೈಗೆ ತಿಳಿಯುವುದೂ ಇಲ್ಲ. ದಾರ ಬಿಗಿಯುವುದನ್ನು, ಅಂಗಾಂಶ ಬಿಳಿಚಿಕೊಳ್ಳುವುದನ್ನು ಕಣ್ಣಿನಿಂದಲೇ ಓದಬೇಕು. ಜೊತೆಗೆ, ಒಂದೇ ಅಭ್ಯಾಸವನ್ನು ಪದೇ ಪದೇ ಮಾಡಿದರೆ ಅದರ ದಾರಿ ಬಾಯಿಪಾಠವಾಗಿಯೇ ಅಂಕ ಏರುತ್ತದೆ.

ಈ ಕೊರತೆ ತುಂಬಲು 'ಗಿಯರ್ಸ್' (GEARS) ಇದೆ, ಅಂದರೆ ರೋಬೋಟ್ ನಡೆಸುವವರ ಕೆಲಸ ನೋಡಿ ಮನುಷ್ಯರೇ ಕೌಶಲಕ್ಕೆ ಅಂಕ ಕೊಡುವ ಪಟ್ಟಿ. 2012ರಲ್ಲಿ ಪ್ರಕಟವಾದ ಈ ಮಾಪನ ಆರು ಅಂಶ ನೋಡುತ್ತದೆ: ಆಳದ ಅಂದಾಜು, ಎರಡೂ ಕೈಗಳ ಹೊಂದಾಣಿಕೆ, ದಕ್ಷತೆ, ಬಲದ ಮೇಲಿನ ಹಿಡಿತ, ಸ್ವಾವಲಂಬನೆ, ರೋಬೋಟ್ ನಿಯಂತ್ರಣ. ಪ್ರತಿಯೊಂದಕ್ಕೂ 1ರಿಂದ 5, ಒಟ್ಟು 30. ಹೆಸರು ಮರೆಮಾಡಿದ, ಕತ್ತರಿಸದ ವಿಡಿಯೊ ನೋಡಿ ಇಬ್ಬರು ಹಿರಿಯರು ಬೇರೆ ಬೇರೆಯಾಗಿ ಅಂಕ ಕೊಟ್ಟರೆ ಚೆನ್ನ. ಯಾರ ಶಿಷ್ಯ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಅದೇ ನನಗೆ ದೊಡ್ಡ ಸಮಾಧಾನ. ಸ್ವಾವಲಂಬನೆಯನ್ನು ಮಾತ್ರ ವಿಡಿಯೊದಿಂದ ಅಳೆಯುವುದು ಕಷ್ಟ, ಯಾರು ಎಷ್ಟು ಹೇಳಿಕೊಟ್ಟರು ಎನ್ನುವುದು ಅದರಲ್ಲಿ ಕಾಣದು. ಆ ಅಂಶ ಬಿಟ್ಟು 25ಕ್ಕೆ ಲೆಕ್ಕ ಹಾಕುವುದೇ ಪ್ರಾಮಾಣಿಕ. ಹಿರಿಯರಿಗೆ ಬಿಡುವು ಸಿಗುವುದಿಲ್ಲ ಎನ್ನುವುದು ನಿಜವಾದ ತೊಡಕು. ಇಡೀ ಆಪರೇಷನ್ ಬದಲು ಹೊಲಿಗೆಯ ಭಾಗವನ್ನಷ್ಟೇ ಕಳಿಸಿದರೆ ನೋಡುತ್ತಾರೆ.

ಸಿಮ್ಯುಲೇಟರ್ ಕೊಳ್ಳಲು ಹೊರಟ ವಿಭಾಗಗಳಿಗೆ ನನ್ನ ಕಳಕಳಿಯ ಮಾತು: ಡೆಮೊದಲ್ಲಿ ಚಿತ್ರದ ಗುಣಮಟ್ಟ ನೋಡಿ ಮರುಳಾಗಬೇಡಿ. ಪ್ರತಿ ಅಂಶದ ಬಿಡಿ ಲೆಕ್ಕವನ್ನು ಹೊರತೆಗೆದು ಇಟ್ಟುಕೊಳ್ಳಬಹುದೇ, ತೇರ್ಗಡೆಯ ಮಟ್ಟವನ್ನು ಅನುಭವಿ ಸರ್ಜನ್‌ಗಳ ಅಂಕದ ಮೇಲೆ ನಿಗದಿ ಮಾಡಿದ್ದಾರೆಯೇ ಎಂದು ಕೇಳಿ. ಒಟ್ಟು ಅಂಕ ಮಾತ್ರ ತೋರಿಸುವ ಯಂತ್ರ ಬೇಡ.