ಆಪರೇಷನ್‌ಗೆ ಮುಂಚೆ ರಿಪೋರ್ಟ್‌ನಲ್ಲಿ ಕಡಿಮೆ ಇರುವ ಸಂಖ್ಯೆಗಳನ್ನೂ ನೋಡಿ

ಚಿಕ್ಕ ತಳಿಯ ನಾಯಿ ಸಾಕಿರುವವರು, ಅದರಲ್ಲೂ ಅದಕ್ಕೊಂದು ಆಪರೇಷನ್ ಮಾಡಿಸಬೇಕು ಅಂತ ದಿನ ಗೊತ್ತು ಮಾಡಿಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಪುಟ್ಟಿ ಬದುಕಿ ಮನೆಗೆ ಬಂದಳು. ಆದರೆ ಬರದೇ ಇರುವ ಸಾಧ್ಯತೆ ತುಂಬಾ ಇತ್ತು. ಯಾಕೆ ಅನ್ನೋದು ಆ ದಿನ ಬೆಳಿಗ್ಗೆಯೇ ನಮ್ಮ ಕೈಯಲ್ಲಿದ್ದ ಹಾಳೆಯಲ್ಲಿ ಅಚ್ಚಾಗಿತ್ತು.

ಪುಟ್ಟಿ ಯಾರ್ಕ್‌ಶೈರ್ ಟೆರಿಯರ್. ಆಗ ಒಂದೂವರೆ ವರ್ಷ, ತೂಕ 1.9 ಕೆಜಿ. ಮರಿಯಾಗದ ಹಾಗೆ ಆಪರೇಷನ್ ಮಾಡಿಸೋಣ ಅಂತ ಕರೆದುಕೊಂಡು ಹೋಗಿದ್ದೆ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇಡಿ ಅಂದಿದ್ದರು, ಇಟ್ಟಿದ್ದೆ. ಬೆಳಿಗ್ಗೆ ರಕ್ತ ತೆಗೆದರು, ಅರ್ಧ ಗಂಟೆಯಲ್ಲಿ ರಿಪೋರ್ಟ್ ಬಂತು. ಎಎಲ್‌ಟಿ ಅನ್ನುವ ಸಾಲಿನ ಮುಂದೆ ಜಾಸ್ತಿ ಅಂತ ಗುರುತಿತ್ತು. ‘ಲಿವರ್ ಎಂಜೈಮ್ ಸ್ವಲ್ಪ ಜಾಸ್ತಿ ಇದೆ, ಇಷ್ಟೆಲ್ಲ ಇದ್ದೇ ಇರುತ್ತೆ, ಏನೂ ಯೋಚನೆ ಮಾಡಬೇಡಿ’ ಅಂದರು. ನಾನೂ ಸಮಾಧಾನ ಮಾಡಿಕೊಂಡೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅದೇ ಹಾಳೆಯ ಕೆಳಗಡೆ ಯೂರಿಯಾ ಕಡಿಮೆ, ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕಡಿಮೆ ಅಂತ ಎರಡು ಗುರುತು ಇದ್ದವು. ಅದರ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು ಅಂದರು. ಮಧ್ಯಾಹ್ನ ಹೊತ್ತಿಗೆ ಎದ್ದು ಕೂರಬೇಕಿತ್ತು. ಸಂಜೆಯಾದರೂ ಕಣ್ಣು ಬಿಡಲಿಲ್ಲ. ಮೈ ತಣ್ಣಗಾಗಿತ್ತು, ಶುಗರ್ ಪೂರಾ ಇಳಿದಿತ್ತು. ಡ್ರಿಪ್‌ನಲ್ಲಿ ಗ್ಲೂಕೋಸ್ ಹಾಕಿ, ಬೆಚ್ಚಗೆ ಸುತ್ತಿ, ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡರು. ಮಾರನೇ ದಿನ ಮನೆಗೆ ಕರೆತಂದ ಮೇಲೆ ಕಂಡದ್ದು ಇನ್ನೂ ಭಯವಾಗುವಂಥದ್ದು. ತೂರಾಡುತ್ತಾ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಡುತ್ತಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕರೆದರೆ ನನ್ನ ಕಡೆ ತಿರುಗುತ್ತಿದ್ದಳು, ಆದರೆ ನನ್ನ ಗುರುತು ಇದ್ದ ಹಾಗೆ ಕಾಣಲಿಲ್ಲ. ಆ ನೋಟ ಇವತ್ತಿಗೂ ಮರೆಯೋಕೆ ಆಗ್ತಿಲ್ಲ.

ಬೇರೆ ಡಾಕ್ಟರ್ ಹತ್ತಿರ ಓಡಿದೆವು. ಅವರು ಹೊಸದಾಗಿ ಏನನ್ನೂ ಮಾಡುವ ಮೊದಲು ಹಳೇ ರಿಪೋರ್ಟ್ ಕೇಳಿದರು. ಒಂದು ನಿಮಿಷ ನೋಡಿ, ಜಾಸ್ತಿ ಇದ್ದ ಸಾಲನ್ನು ಬಿಟ್ಟು ಕಡಿಮೆ ಇದ್ದ ಸಾಲುಗಳ ಮೇಲೆ ಬೆರಳಿಟ್ಟು, ‘ಊಟ ಆದ ಮೇಲೆ ಇವಳು ಮಂಕಾಗ್ತಾಳಾ?’ ಅಂತ ಕೇಳಿದರು. ನನಗೆ ಎದೆ ಧಸಕ್ಕೆಂದಿತು. ಹೌದು, ಮರಿಯಾಗಿದ್ದಾಗಿನಿಂದಲೂ ಊಟ ಆದ ಒಂದೆರಡು ಗಂಟೆಗೆ ಮಂಕಾಗುತ್ತಿದ್ದಳು. ಹೊಟ್ಟೆ ತುಂಬಿದೆ, ನಿದ್ದೆ ಬಂದಿದೆ ಅಂದುಕೊಂಡಿದ್ದೆವು. ಜೊತೆಗೆ ಹುಟ್ಟಿದ ಮರಿಗಳಿಗಿಂತ ಸಣ್ಣಗಿದ್ದಳು, ಅದನ್ನು ಮುದ್ದು ಅಂತ ನೋಡಿದೆವು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಎಎಲ್‌ಟಿ ಲಿವರ್‌ನ ಜೀವಕೋಶದ ಒಳಗೆ ಇರುವ ಎಂಜೈಮ್. ಕೋಶಕ್ಕೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ. ಅಂದರೆ ಲಿವರ್‌ಗೆ ಏನೋ ತೊಂದರೆಯಾಗಿದೆ ಅನ್ನೋದು ಗೊತ್ತಾಗುತ್ತದೆ. ಆದರೆ ಲಿವರ್ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನೋದು ಅದರಿಂದ ತಿಳಿಯೋದಿಲ್ಲ. ಅದು ತಿಳಿಯೋದು ಲಿವರ್ ತಯಾರಿಸುವ ವಸ್ತುಗಳಿಂದ. ಆಲ್ಬುಮಿನ್ ತಯಾರಾಗೋದು ಲಿವರ್‌ನಲ್ಲಿ. ಅಮೋನಿಯಾ ಅನ್ನುವ ವಿಷದ ಅಂಶವನ್ನು ಯೂರಿಯಾ ಮಾಡೋದು ಲಿವರ್. ಹೊಟ್ಟೆ ಖಾಲಿ ಇದ್ದಾಗ ಕೂಡಿಟ್ಟ ಸಕ್ಕರೆ ಅಂಶವನ್ನು ರಕ್ತಕ್ಕೆ ಬಿಡೋದೂ ಲಿವರ್. ಇವೆಲ್ಲ ಒಟ್ಟಿಗೆ ಕಡಿಮೆ ಇದ್ದರೆ ಕೆಲಸವೇ ಸರಿಯಾಗಿ ನಡೆಯುತ್ತಿಲ್ಲ ಅಂತ ಅನುಮಾನ ಪಡಲೇಬೇಕು, ಎಂಜೈಮ್ ಸ್ವಲ್ಪವೇ ಜಾಸ್ತಿ ಇದ್ದರೂ ಸರಿ, ಪೂರ್ತಿ ನಾರ್ಮಲ್ ಇದ್ದರೂ ಸರಿ.

ಲಿವರ್ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಬೈಲ್ ಆಸಿಡ್ (ಪಿತ್ತದ ಆಮ್ಲ) ಟೆಸ್ಟ್ ಮಾಡಿಸಿದೆವು. 12 ಗಂಟೆ ಉಪವಾಸದ ನಂತರ ಒಂದು ಸಲ ರಕ್ತ, ಆಮೇಲೆ ಸ್ವಲ್ಪ ಊಟ ಕೊಟ್ಟು 2 ಗಂಟೆ ಬಿಟ್ಟು ಇನ್ನೊಂದು ಸಲ. (ಪುಟ್ಟಿಗೆ ಶುಗರ್ ಇಳಿಯುತ್ತಿದ್ದ ಕಾರಣ ಉಪವಾಸದ ಹೊತ್ತಿನಲ್ಲಿ ಅವಳನ್ನು ಅಲ್ಲೇ ಇಟ್ಟುಕೊಂಡು ನೋಡಿಕೊಂಡರು.) ಎರಡೂ ತುಂಬಾ ಜಾಸ್ತಿ ಬಂದವು. ಸ್ಕ್ಯಾನ್‌ನಲ್ಲಿ ಕಾರಣ ಕಂಡಿತು: ಹುಟ್ಟಿನಿಂದಲೇ ಇದ್ದ ಲಿವರ್ ಷಂಟ್. ಕರುಳಿನಿಂದ ಬರುವ ರಕ್ತ ಲಿವರ್ ಒಳಗೆ ಹೋಗಿ ಶುದ್ಧವಾಗಿ ಮುಂದೆ ಹೋಗಬೇಕು. ಇವಳಲ್ಲಿ ಲಿವರ್ ಹೊರಗೇ ಒಂದು ರಕ್ತನಾಳ ಅಡ್ಡದಾರಿ ಮಾಡಿಕೊಂಡು ಆ ರಕ್ತವನ್ನು ನೇರವಾಗಿ ದೊಡ್ಡ ನಾಳಕ್ಕೆ ಸೇರಿಸುತ್ತಿತ್ತು. ಅಮೋನಿಯಾ ಹಾಗೇ ಮೆದುಳಿಗೆ ಹೋಗುತ್ತಿತ್ತು. ಊಟದ ನಂತರದ ಮಂಕು, ಗೋಡೆಗೆ ಹಣೆ ಒತ್ತುವುದು, ಎಲ್ಲ ಅದರಿಂದಲೇ. ಯಾರ್ಕ್‌ಶೈರ್, ಮಾಲ್ಟೀಸ್, ಮಿನಿಯೇಚರ್ ಷ್ನಾಜರ್, ಶಿಟ್ಜು ಥರದ ಚಿಕ್ಕ ತಳಿಗಳಲ್ಲಿ ಇದು ಬರುವುದು ಹೊಸದೇನಲ್ಲವಂತೆ. ಹಾಗಿದ್ದಮೇಲೆ ಚಿಕ್ಕ ತಳಿಯ ಎಳೆ ನಾಯಿಯ ರಿಪೋರ್ಟ್ ಹೀಗೆ ಬಂದಾಗ ಇದು ಮೊದಲು ನೆನಪಾಗಬೇಕಿತ್ತು ಅಲ್ವಾ? ನನ್ನ ಸಿಟ್ಟು ಇರೋದು ಇದಕ್ಕೇ.

ಅರಿವಳಿಕೆ ಯಾಕೆ ಅಷ್ಟು ಹೊತ್ತು ಇಳಿಯಲಿಲ್ಲ ಅನ್ನೋದೂ ಆಗ ಅರ್ಥವಾಯಿತು. ಎಷ್ಟೋ ಔಷಧಿಗಳನ್ನು ಒಡೆದು ಹೊರಗೆ ಹಾಕೋದು ಲಿವರ್. ಆಲ್ಬುಮಿನ್ ಕಡಿಮೆ ಇದ್ದರೆ ಕೆಲವು ಔಷಧಿಗಳ ಪರಿಣಾಮವೂ ಜಾಸ್ತಿ ಆಗುತ್ತದೆ. ಅದರ ಮೇಲೆ 1.9 ಕೆಜಿ ಮೈ, ರಾತ್ರಿಯಿಡೀ ಉಪವಾಸ. ಮೊದಲೇ ಗೊತ್ತಿದ್ದರೆ ಔಷಧಿ ಬದಲಿಸಬಹುದಿತ್ತು, ಉಪವಾಸ ಕಡಿಮೆ ಮಾಡಬಹುದಿತ್ತು, ಶುಗರ್ ನೋಡುತ್ತಲೇ ಇರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಆಪರೇಷನ್‌ಗೆ ಏನೂ ಅವಸರವಿರಲಿಲ್ಲ. ಒಂದು ತಿಂಗಳು ಮುಂದಕ್ಕೆ ಹಾಕಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ.

ಇದನ್ನು ಓದಿ ಎಎಲ್‌ಟಿ ಸ್ವಲ್ಪ ಏರಿದೆ ಅಂತ ಸುಮ್ನೆ ಗಾಬರಿಯಾಗಬೇಡಿ. ಹಲ್ಲು, ವಸಡಿನ ಸೋಂಕಿನಿಂದಲೂ ಏರುತ್ತದೆ. ಎಎಲ್‌ಪಿ ಅಂತ ಇನ್ನೊಂದು ಎಂಜೈಮ್ ಇದೆ, ತುರಿಕೆಗೆ ಅಂತ ಸ್ಟೆರಾಯ್ಡ್ ಕೊಟ್ಟಿದ್ದರೆ, ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ, ಬೆಳೆಯುವ ಮರಿಯಾಗಿದ್ದರೆ ಅದು ಜಾಸ್ತಿ ಇರುತ್ತದೆ. ಅದಕ್ಕೇ ಕೊಡುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ಡಾಕ್ಟರ್‌ಗೆ ಹೇಳಿ. ಆದರೆ ಸಹಿ ಹಾಕುವ ಮುಂಚೆ ಆಲ್ಬುಮಿನ್, ಯೂರಿಯಾ, ಗ್ಲೂಕೋಸ್, ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ) ಎಷ್ಟಿದೆ ಅಂತ ಬಾಯಿಬಿಟ್ಟು ಕೇಳಿ. ಬೈಲ್ ಆಸಿಡ್ ಟೆಸ್ಟ್ ಬೇಕಾ, ರಕ್ತ ಹೆಪ್ಪುಗಟ್ಟುವ ಟೆಸ್ಟ್ ಬೇಕಾ ಅಂತ ಕೇಳಿ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಅಂಶಗಳನ್ನು ತಯಾರಿಸೋದೂ ಲಿವರ್ರೇ. ಸಾಧ್ಯವಾದರೆ ರಕ್ತ ಪರೀಕ್ಷೆಯನ್ನು ಆಪರೇಷನ್ ದಿನ ಬೆಳಿಗ್ಗೆ ಮಾಡಿಸದೆ ಕೆಲವು ದಿನ ಮೊದಲೇ ಮಾಡಿಸಿ. ನಾಯಿಯನ್ನು ಒಳಗೆ ಕರೆದುಕೊಂಡು ಹೋಗೋಕೆ ನಿಂತಿರುವಾಗ ಬೇಡ ಅನ್ನೋಕೆ ಬಾಯಿ ಬರೋದಿಲ್ಲ, ನನಗೆ ಬರಲಿಲ್ಲ. ಇದೆಲ್ಲ ಅವಸರವಿಲ್ಲದ ಆಪರೇಷನ್ ಮಾತು. ಗರ್ಭಕೋಶದಲ್ಲಿ ಕೀವು ತುಂಬಿದ ಹಾಗೆ ಜೀವಕ್ಕೇ ಅಪಾಯವಿದ್ದರೆ ಕಾಯಬೇಡಿ, ಡಾಕ್ಟರ್ ಹೇಳಿದ ಹಾಗೆ ಮಾಡಿ.

ಪುಟ್ಟಿಗೆ ಎರಡು ತಿಂಗಳು ಔಷಧಿ, ಬೇರೆ ಥರದ ಊಟ ಕೊಟ್ಟು ಸುಧಾರಿಸಿದ ಮೇಲೆ ಆ ಅಡ್ಡದಾರಿಗೆ ಒಂದು ಪುಟ್ಟ ಉಂಗುರ ಹಾಕಿದರು. ಅದು ವಾರಗಟ್ಟಲೆ ತೆಗೆದುಕೊಂಡು ನಿಧಾನವಾಗಿ ನಾಳವನ್ನು ಮುಚ್ಚುತ್ತದೆ, ಒಂದೇ ಸಲ ಮುಚ್ಚಿದರೆ ಒತ್ತಡ ತಡೆಯೋಕಾಗಲ್ಲ. ಈ ಸಲ ಹಿಂದಿನ ದಿನವೇ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ರಿಪೋರ್ಟ್ ಅನ್ನು ಒಂದೊಂದೇ ಸಾಲು ಓದಿ ಹೇಳಿದರು. ಆಪರೇಷನ್ ಮುಗಿದ ಮೇಲೆ ಅವಳು ಎದ್ದು, ಹೆಸರು ಕರೆದಾಗ ಬಾಲ ಅಲ್ಲಾಡಿಸಿದಳು. ಈಗ ಊಟ ಆದ ಮೇಲೆ ಮಲಗೋದಿಲ್ಲ, ಚೆಂಡು ಕಚ್ಚಿಕೊಂಡು ಬಂದು ನನ್ನ ಕಾಲಿನ ಹತ್ತಿರ ಹಾಕುತ್ತಾಳೆ.