ಕೆಳದವಡೆಗೆ ಫುಲ್ ಇಂಪ್ಲಾಂಟ್ ಹಾಕಿಸುವವರು ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು, ಓದದೆ ಸಹಿ ಹಾಕಬೇಡಿ ಅಂತ ಸಾಲ ತೆಗೆದುಕೊಳ್ಳುವವರಿಗೆಲ್ಲ ಬೈದವನು ನಾನು. ಕೊನೆಗೆ ನಾನೇ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿಸಿಕೊಂಡು, ಕುರ್ಚಿಯಲ್ಲಿ ಒರಗಿಕೊಂಡು, ಕನ್ನಡಕವೂ ಇಲ್ಲದೆ ನಾಲ್ಕು ಕಡೆ ಸಹಿ ಹಾಕಿದೆ. "ಇದು ಸುಮ್ನೆ ಫಾರ್ಮಾಲಿಟಿ ಸರ್" ಅಂದರು. ಹಾಕಿದೆ.

ನನಗೆ 63 ವರ್ಷ. ಊರು ತುಮಕೂರು. ಕೆಳಗಿನ ದವಡೆಯಲ್ಲಿ ಒಂಬತ್ತು ಹಲ್ಲು ಉಳಿದಿದ್ದವು, ಅವೂ ಅಲ್ಲಾಡುತ್ತಿದ್ದವು. ಬೆಂಗಳೂರಿನ ಒಂದು ಕ್ಲಿನಿಕ್ಕಿನ ಜಾಹೀರಾತು ಮೊಬೈಲಿನಲ್ಲಿ ದಿನಾ ಬರುತ್ತಿತ್ತು. ನೋವಿಲ್ಲ, ಮೂರೇ ದಿನದಲ್ಲಿ ಫಿಕ್ಸ್ ಹಲ್ಲು. ತಂಗಿ ಮಗಳ ಸೀಮಂತ ಹತ್ತಿರದಲ್ಲಿತ್ತು, ಅಷ್ಟರಲ್ಲಿ ಹಲ್ಲು ಆಗಿಬಿಡಲಿ ಅಂತ ನನಗೂ ಆಸೆ. ನಮ್ಮ ಮನೆಯವರು ಹೇಳಿದರು, ಇನ್ನೊಬ್ಬ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ ಅಂತ. ಕೇಳಲಿಲ್ಲ. ಎರಡು ಲಕ್ಷದ ಇಪ್ಪತ್ತೈದು ಸಾವಿರ ಮೊದಲೇ ಕಟ್ಟಿದೆ. ಶುಗರ್ ಇದೆ ಅಂದೆ. "ನೋ ಪ್ರಾಬ್ಲಂ ಸರ್" ಅಂದರು. ರಿಪೋರ್ಟ್ ಕೂಡ ಕೇಳಲಿಲ್ಲ. ಆವತ್ತೇ ಊರಿಗೆ ವಾಪಸ್ ಹೋಗಬಹುದಾ ಅಂತ ಕೇಳಿದ್ದಕ್ಕೆ, "ಆರಾಮಾಗಿ ಬಸ್ಸಲ್ಲಿ ಹೋಗ್ತೀರಾ ಸರ್."

ಒಂಬತ್ತೂ ಹಲ್ಲು ಕಿತ್ತು, ನಾಲ್ಕು ಇಂಪ್ಲಾಂಟ್ ಹಾಕಿದರು, ಅಂದರೆ ಮೇಲೆ ಹಲ್ಲಿನ ಸಾಲು ಕೂರಿಸಲು ದವಡೆ ಮೂಳೆಯೊಳಗೆ ತಿರುಗಿಸುವ ಟೈಟಾನಿಯಂ ಸ್ಕ್ರೂ. ಆಗ ಏನೂ ಗೊತ್ತಾಗಲಿಲ್ಲ, ಅದು ನಿಜ. ಬಸ್ಸು ನೆಲಮಂಗಲ ದಾಟುವಾಗ ಜುಮುಜುಮು ಶುರುವಾಯಿತು. ದಾಬಸ್‌ಪೇಟೆ ಬರುವಷ್ಟರಲ್ಲಿ ದವಡೆಯೊಳಗೆ ಯಾರೋ ಉಳಿ ಇಟ್ಟು ಹೊಡೆದ ಹಾಗೆ. ಟವೆಲ್ಲು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಟವೆಲ್ಲಿನ ತುಂಬಾ ಎಂಜಲು, ರಕ್ತ. ಪಕ್ಕದಲ್ಲಿದ್ದ ಹುಡುಗ ಎದ್ದು ಹಿಂದಿನ ಸೀಟಿಗೆ ಹೋದ.

ಮೂರನೇ ದಿನ ಮುಖ ಬೂದುಗುಂಬಳ. ಕತ್ತಿನವರೆಗೂ ನೀಲಿ, ಆಮೇಲೆ ಹಳದಿ. ರಾತ್ರಿ ಮಲಗಿದರೆ ನೋವು ಜಾಸ್ತಿ, ಕೂತೇ ನಿದ್ದೆ ಮಾಡಿದೆ. ರಾಗಿ ಅಂಬಲಿಯನ್ನು ಸ್ಟ್ರಾ ಹಾಕಿ ಕುಡಿದೆ. ಸ್ಟ್ರಾದಲ್ಲಿ ಎಳೆದರೆ ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರಬಹುದು ಅಂತ ಆಮೇಲೆ ಗೊತ್ತಾಯಿತು. ಫೋನ್ ಮಾಡಿದೆ. "ನಾರ್ಮಲ್ ಸರ್." ಊತ? "ನಾರ್ಮಲ್ ಸರ್." ಬಾಯಿ ವಾಸನೆ? "ನಾರ್ಮಲ್ ಸರ್." ಸರಿ, ಊತ ನಾರ್ಮಲ್ಲೇ ಇರಬಹುದು. ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ, ಇಳಿಯಿತು ಕೂಡ. ಹಾಗಾದರೆ ನೋವಿಲ್ಲ ಅಂತ ಹೇಳಿದ್ದೇಕೆ? ಮೊದಲೇ ಹೇಳಿದ್ದರೆ ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿ ಉಳಿಯುತ್ತಿದ್ದೆ.

ಈಗ ಮುಖ್ಯ ವಿಷಯ. ಕೆಳತುಟಿಯ ಬಲಗಡೆ, ಗದ್ದದವರೆಗೆ, ಮರಗಟ್ಟಿದ್ದು ಹೋಗಲೇ ಇಲ್ಲ. ಇಂಜೆಕ್ಷನ್ ಇಳಿದು ನೋವು ಬಂತು, ಎಡಗಡೆ ಸರಿಯಾಯಿತು, ಬಲಗಡೆ ಮಾತ್ರ ರಬ್ಬರಿನ ಹಾಗೆ. ಮಾರನೇ ದಿನ ಬೆಳಿಗ್ಗೆಯೇ ಹೇಳಿದೆ. "ನಾರ್ಮಲ್ ಸರ್, ಒಂದು ವಾರದಲ್ಲಿ ಹೋಗುತ್ತೆ." ಎಲ್ಲವೂ ನಾರ್ಮಲ್ ಆದಾಗ ಇದೂ ನಾರ್ಮಲ್ ಅಂದುಕೊಂಡೆ. ಇದೇ ನನ್ನ ದಡ್ಡತನ.

ಮೂರನೇ ದಿನದ ಬದಲು ಹತ್ತನೇ ದಿನ ಹಲ್ಲು ಕೂರಿಸಿದರು. ತುಟಿ? "ಇನ್ನೊಂದು ವಾರ ಸರ್."

ಹದಿನೈದನೇ ದಿನ ಸೀಮಂತ. ಹೊಸ ಹಲ್ಲು ಇದೆ, ಎಲ್ಲರೂ ಚೆನ್ನಾಗಿದೆ ಅಂದರು. ಊಟಕ್ಕೆ ಮೊದಲು ಕಾಫಿ ಕೊಟ್ಟರು. ಬೀಗರ ಜೊತೆ ಮಾತಾಡುತ್ತಾ ಕುಡಿಯುತ್ತಿದ್ದೆ. ಎದುರಿಗೆ ನಮ್ಮ ಮನೆಯವರು ಸೆರಗಿನಿಂದ ತಮ್ಮ ಗದ್ದ ಒರೆಸಿಕೊಂಡು ತೋರಿಸುತ್ತಿದ್ದಾರೆ. ನನಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದರು. ಬಗ್ಗಿ ನೋಡಿದರೆ ಬಿಳಿ ಜುಬ್ಬಾದ ಮೇಲೆ ಎದೆಯವರೆಗೂ ಕಾಫಿ ಇಳಿದಿದೆ. ಬಿಸಿ ಕಾಫಿ, ತುಟಿಯಿಂದ ಸುರಿಯುತ್ತಿದೆ, ನನಗೆ ಗೊತ್ತೇ ಇಲ್ಲ. ಬೀಗರು ಮರ್ಯಾದಸ್ಥರು, ಬೇರೆ ಕಡೆ ನೋಡಿದರು.

ಮಾರನೇ ದಿನ ತುಮಕೂರಿನಲ್ಲೇ ಒಬ್ಬ ಓರಲ್ ಸರ್ಜನ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ಸಿಬಿಸಿಟಿ ಎಲ್ಲಿ?" ಅಂದರೆ ದವಡೆಯ ತ್ರೀಡಿ ಸ್ಕ್ಯಾನ್. ಅದು ಮಾಡೇ ಇಲ್ಲ. ಇಡೀ ದವಡೆಯನ್ನು ಚಪ್ಪಟೆಯಾಗಿ ತೋರಿಸುವ ಸಾದಾ ಒಪಿಜಿ ಎಕ್ಸ್‌ರೇ ಒಂದೇ. ಎರಡನೆಯ ಪ್ರಶ್ನೆ, "ಇಂಪ್ಲಾಂಟ್ ಯಾವ ಕಂಪನಿ? ಸ್ಟಿಕ್ಕರ್ ಕೊಟ್ಟಿದ್ದಾರಾ?" ಅದೂ ಇಲ್ಲ. ಬಿಲ್ಲಿನಲ್ಲಿ ‘ಡೆಂಟಲ್ ಟ್ರೀಟ್‌ಮೆಂಟ್’ ಅಂತಷ್ಟೇ ಇದೆ. ಅವರು ಸ್ಕ್ಯಾನ್ ಮಾಡಿಸಿ ತೋರಿಸಿದರು. ಕೆಳದವಡೆಯ ಎರಡೂ ಪಕ್ಕದಲ್ಲಿ ಮೂಳೆಯೊಳಗೆ ಒಂದು ನರ ಬರುತ್ತದೆ, ಮುಂದೆ ಒಂದು ತೂತಿನಿಂದ ಹೊರಬಂದು ತುಟಿಗೆ, ಗದ್ದಕ್ಕೆ ಹೋಗುತ್ತದೆ. ನಾಲ್ಕು ಇಂಪ್ಲಾಂಟಿನಲ್ಲಿ ಹಿಂದಿನ ಎರಡನ್ನು ಓರೆಯಾಗಿ ಹಾಕುವುದೇ ಆ ನರವನ್ನು ತಪ್ಪಿಸುವುದಕ್ಕಂತೆ. ನನ್ನ ಬಲಗಡೆಯದು ಅದಕ್ಕೇ ತಾಗಿಕೊಂಡು ಕೂತಿದೆ. "ಮೊದಲ ಒಂದೆರಡು ದಿನದಲ್ಲೇ ಬಂದಿದ್ದರೆ ಅದನ್ನು ತೆಗೆದು ನೋಡಬಹುದಿತ್ತು" ಅಂದರು. ಎರಡನೇ ದಿನ ನಾನು ಫೋನ್ ಹಿಡಿದುಕೊಂಡು ಕೂತಿದ್ದೆನಲ್ಲ! ಕ್ಲಿನಿಕ್ಕಿನವರೇ ಅಲ್ವಾ ಒಂದು ವಾರ ಅಂದಿದ್ದು!

ಸ್ಕ್ಯಾನ್ ತೆಗೆದುಕೊಂಡು ಬೆಂಗಳೂರಿಗೆ ಹೋದೆ. ಆಪರೇಷನ್ ಮಾಡಿದ ಡಾಕ್ಟರ್ ಸಿಗಲಿಲ್ಲ. ಅವರು ವಾರಕ್ಕೊಮ್ಮೆ ಹೊರಗಿನಿಂದ ಬರುವವರಂತೆ, ಅದೂ ಆವತ್ತೇ ಗೊತ್ತಾಗಿದ್ದು. ಮ್ಯಾನೇಜರ್ ನನ್ನ ಸಹಿ ಇದ್ದ ಹಾಳೆ ತಿರುಗಿಸಿ ತೋರಿಸಿದ. "ಇಲ್ಲಿ ಬರೆದಿದೆ ನೋಡಿ ಸರ್, ನಂಬ್‌ನೆಸ್ ಆಗಬಹುದು ಅಂತ. ನೀವೇ ಸಹಿ ಹಾಕಿದ್ದೀರಿ." ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರ. ಈಗ ಕನ್ನಡಕ ಇತ್ತು, ಓದಿದೆ. ಅದರ ಕೆಳಗಿನ ಸಾಲನ್ನೂ ಓದಿದೆ. ಹಾಕಿರುವ ಹಲ್ಲು ಟೆಂಪರರಿ.

"ಟೆಂಪರರಿನಾ?"

"ಹೌದು ಸರ್, ಇದು ಅಕ್ರಿಲಿಕ್. ಇಂಪ್ಲಾಂಟಿಗೆ ಮೂಳೆ ಕೂಡಿಕೊಂಡ ಮೇಲೆ ಪರ್ಮನೆಂಟ್ ಮಾಡ್ತೀವಿ. ಅದಕ್ಕೆ ತೊಂಬತ್ತು ಸಾವಿರ ಬೇರೆ."

ಮೂರು ದಿನದ ಹಲ್ಲು ಅಂದರೆ ಇದು. ಮೊದಲು ಟೆಂಪರರಿ ಹಾಕಿ, ಮೂರರಿಂದ ಆರು ತಿಂಗಳು ಕಾದು, ಆಮೇಲೆ ಪಕ್ಕಾ ಹಲ್ಲು ಹಾಕುವುದು ಎಲ್ಲ ಕಡೆ ಇರುವ ಕ್ರಮವೇ. ಅಲ್ಲಿಯವರೆಗೆ ಮೆತ್ತಗಿನ ಊಟ, ಅದೂ ಸರಿ. ಚಿಕಿತ್ಸೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲೇ ಮನುಷ್ಯರಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದ್ದರು, ನಮ್ಮ ಪಕ್ಕದ ಬೀದಿಯ ಮೇಷ್ಟ್ರು ಹಾಕಿಸಿಕೊಂಡು ಕಡಲೆಕಾಯಿ ತಿನ್ನುತ್ತಿದ್ದಾರೆ. ಆದರೆ ಇದನ್ನೆಲ್ಲ ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬೇಕು ಅಲ್ವಾ?

ಹೋಗುವವರಿಗೆ ಇಷ್ಟೇ. ಸಿಬಿಸಿಟಿ ಇಲ್ಲದೆ ಬಾಯಿ ತೆರೆಯಬೇಡಿ. ಸಹಿ ಹಾಕುವ ಹಾಳೆಯನ್ನು ಹಿಂದಿನ ದಿನವೇ ಮನೆಗೆ ತನ್ನಿ. ಟೆಂಪರರಿಗೆ ಎಷ್ಟು, ಪರ್ಮನೆಂಟಿಗೆ ಎಷ್ಟು, ಬರೆಸಿಕೊಳ್ಳಿ. ಇಂಪ್ಲಾಂಟಿನ ಸ್ಟಿಕ್ಕರ್ ಕೇಳಿ. ಮಾರನೇ ದಿನ ಬೆಳಿಗ್ಗೆ ತುಟಿ ಮರಗಟ್ಟಿದ್ದರೆ ಫೋನ್ ಮಾಡಬೇಡಿ, ಹೋಗಿ ಎದುರಿಗೆ ಕೂತುಕೊಳ್ಳಿ. ಮುಖ ಊದಿದ್ದರೂ ಹೋಗಿ.

ಈಗ ಐದು ತಿಂಗಳಾಯಿತು. ತುಟಿಯ ತುದಿಯಲ್ಲಿ ಸ್ವಲ್ಪ ಇರುವೆ ಹರಿದ ಹಾಗಾಗುತ್ತದೆ, ಅಷ್ಟೇ. ಜೇಬಿನಲ್ಲಿ ಯಾವಾಗಲೂ ಕರವಸ್ತ್ರ. ದುಡ್ಡು ಕೊಟ್ಟು ಮಾಡಿಸಿದ ಚಿಕಿತ್ಸೆಗೂ ಗ್ರಾಹಕ ಕಾನೂನು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆಯಂತೆ. ಎರಡು ವರ್ಷದೊಳಗೆ ದೂರು ಕೊಡಬೇಕು, ನಮ್ಮ ಜಿಲ್ಲೆಯಲ್ಲೇ ಕೊಡಬಹುದು ಅಂದ ಅಣ್ಣನ ಮಗ. ಅವನೇ ವಕೀಲ, ಕಾಗದ ತಯಾರು ಮಾಡುತ್ತಿದ್ದಾನೆ. ಕ್ಲಿನಿಕ್ಕಿನವರಿಗೆ ಇದು ಇನ್ನೂ ಗೊತ್ತಿಲ್ಲ. ತೊಂಬತ್ತು ಸಾವಿರ ಯಾವಾಗ ಕಟ್ಟುತ್ತೀರಿ ಸರ್ ಅಂತ ಇವತ್ತು ಬೆಳಿಗ್ಗೆಯೂ ಮೆಸೇಜ್ ಬಂದಿದೆ.